ಅತ್ತೆ ಎಣ್ಣೆ ಹಚ್ಚುವ ಬೆಳಗು

ಮದುವೆಯಾಗಿ ಪುಣೆಗೆ ಬಂದ ಮೇಲೆ ನಾನು ಮೊದಲು ಹೆದರಿದ್ದು ಅತ್ತೆಗಲ್ಲ, ಒಂದು ಕಪ್ಪು ಕುಪ್ಪಸಕ್ಕೆ. ಇಳಕಲ್ ಸೀರೆಗೆ ಜೋಡಿಯೆಂದು ತವರಿನಲ್ಲಿ ಆಸೆಪಟ್ಟು ಹೊಲಿಸಿದ್ದು. ಒಂದು ದಿನ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತರೆ ಹೆಗಲ ಮೇಲೆಲ್ಲ ಹಿಟ್ಟು ಜರಡಿ ಹಿಡಿದಂತೆ ಬಿಳಿ ಪುಡಿ. ಕೊಡವಿದೆ. ತಲೆ ಬಾಚಿದೆ. ಮತ್ತೂ ಉದುರಿತು. ಕುಪ್ಪಸವನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದೆ. ಅಂದಿನಿಂದ ತಿಳಿ ಬಣ್ಣದವೇ ನನ್ನ ಬಣ್ಣಗಳಾದವು.

ತೊಂಬತ್ತರ ದಶಕದ ನಡುವಿನ ಮಾತಿದು. ಕೋಥರೂಡದ ಒಂದು ಸೊಸೈಟಿಯ ಎರಡನೇ ಮಹಡಿಯಲ್ಲಿ ನಾವು ನಾಲ್ವರಿದ್ದೆವು. ನನ್ನ ಗಂಡ ಬೆಳಿಗ್ಗೆ ಸ್ಕೂಟರ್ ಹತ್ತಿ ಆಫೀಸಿಗೆ ಹೋದರೆ ಸಂಜೆಗೇ ಮರಳುವುದು. ಮಾವನವರಿಗೆ ಬೆಳಿಗ್ಗೆ ಪೇಪರು, ಸಂಜೆ ವಾಕಿಂಗು, ನಡುವೆ ಮಾತೆಂಬುದೇ ಇಲ್ಲ. ಉಳಿದ ಹಗಲೆಲ್ಲ ನಾನು ಮತ್ತು ಅತ್ತೆ. ಎರಡೂ ಮನೆತನ ಬಾಗಲಕೋಟೆ ಕಡೆಯವೇ ಆದರೂ ಅವರು ಪುಣೆಗೆ ಬಂದು ನನ್ನ ವಯಸ್ಸಿನಷ್ಟೇ ವರ್ಷವಾಗಿತ್ತು. ಕಾರ್ಪೊರೇಷನ್ ನೀರು ಕುಡಿಯಲು ಮಾತ್ರ ಸಾಲುತ್ತಿತ್ತು, ಸ್ನಾನಕ್ಕೆ ಬೋರಿನ ನೀರು. ಆ ನೀರಲ್ಲಿ ಸೋಪು ಹಚ್ಚಿದರೆ ನೊರೆಯೇ ಬರುತ್ತಿರಲಿಲ್ಲ. ನನ್ನ ತಲೆ ಅದರಲ್ಲೇ ಒಣಗಿತೋ, ಬೇರೆ ಯಾವುದರಿಂದ ಒಣಗಿತೋ, ಮಳೆಗಾಲ ಮುಗಿಯುವ ಹೊತ್ತಿಗೆ ಕಿವಿಯ ಹಿಂದಿನಿಂದ ನೆತ್ತಿಯವರೆಗೆ ಚರ್ಮ ಬಿಗಿದುಕೊಂಡು ಉರಿಯತೊಡಗಿತು. ಕೆರೆದರೆ ಉಗುರಿನಲ್ಲಿ ಹಕ್ಕಳೆ ಬರುತ್ತಿತ್ತು.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಿಯಾರು. ಡಾಕ್ಟರ ಹತ್ತಿರ ಹೋಗಲು ಗಂಡನಿಗೆ ಹೇಳಬೇಕು. ನನ್ನ ಗಂಡನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ, ಸ್ಕೂಟರ್ ಸ್ಟ್ಯಾಂಡ್ ಹಾಕುವ ಮೊದಲೇ ಅದು ಅತ್ತೆಯ ಕಿವಿಗೆ ಬಿದ್ದಿರುತ್ತಿತ್ತು. ಅತ್ತೆಗೆ ಗೊತ್ತಾಗುವುದೇ ನನಗೆ ಬೇಡವಾಗಿತ್ತು. ಅದಕ್ಕೆ ಕಾರಣವೂ ಇತ್ತು.

ಉರಿ ಶುರುವಾದ ಹೊಸದರಲ್ಲೇ ಒಂದು ಮಧ್ಯಾಹ್ನ ಅತ್ತೆ ಬಾಲ್ಕನಿಯಲ್ಲಿ ಮೇಲಿನ ಮನೆಯ ಕಾಕೂ ಜೊತೆ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದರು. ಕಾಕೂ ಮರಾಠಿಯವರು, ಅತ್ತೆಯ ಓರಗೆಯವರು. ನಾನು ಒಣಗಿದ ಬಟ್ಟೆ ತೆಗೆಯಲು ಹೋದಾಗ ಅತ್ತೆ ಮರಾಠಿಯಲ್ಲಿ ಹೇಳುತ್ತಿದ್ದರು: ಅವಳ ತಲೆಯಲ್ಲಿ ಇಸಬಾಗಿತ್ತು, ಮನೆಯವರಿಗೆಲ್ಲ ಅಂಟುತ್ತದೆ ಎಂದು ಹಬ್ಬದ ನೆಪ ಮಾಡಿ ತವರಿಗೆ ಕಳಿಸಿದರು, ಮತ್ತೆ ಕರೆಸಿಕೊಳ್ಳಲೇ ಇಲ್ಲ. ನನ್ನನ್ನು ಕಂಡವರೇ ಮಾತು ನಿಲ್ಲಿಸಿ, "ಕುಕ್ಕರ ಸೀಟಿ ಹೊಡೀತೇನವಾ?" ಎಂದು ಕನ್ನಡದಲ್ಲಿ ಕೇಳಿದರು. "ಹೊಡೀತ್ರಿ," ಎಂದೆ. ಕುಕ್ಕರನ್ನು ನಾನು ಒಲೆಯ ಮೇಲೆ ಇಟ್ಟೇ ಇರಲಿಲ್ಲ.

ಈ ಮನೆತನದ ಯಾವುದೋ ಹಿಂದಿನ ಸೊಸೆ ಎಂದುಕೊಂಡೆ. ಯಾರು, ಯಾವಾಗ ಎಂದು ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಅಂದಿನಿಂದ ನನ್ನ ಬಾಚಣಿಗೆ ಬೇರೆಯಾಯಿತು. ದಿಂಬಿನ ಮೇಲೆ ಟವೆಲ್ ಹಾಸಿ ಮಲಗಿದೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಆ ಟವೆಲನ್ನು ಒಗೆದೆ. ಮನೆಯೊಳಗೂ ಸೆರಗು ಹೊದ್ದು ಓಡಾಡುತ್ತಿದ್ದ ನನ್ನನ್ನು ಕಂಡು ನೆಂಟರು, ಎಷ್ಟು ಸಂಸ್ಕಾರವಂತ ಹುಡುಗಿ ಎಂದು ಹೊಗಳಿದರು.

ದೀಪಾವಳಿಯ ಚಿಂತೆ ಶುರುವಾದದ್ದು ದಸರೆಯಲ್ಲಿ. ನಮ್ಮಲ್ಲಿ ನರಕ ಚತುರ್ದಶಿಯ ಬೆಳಗಿನ ಜಾವ ಮನೆಯ ಹಿರಿಯ ಮುತ್ತೈದೆ ಎಲ್ಲರನ್ನೂ ಮಣೆಯ ಮೇಲೆ ಕೂಡಿಸಿ, ತನ್ನ ಕೈಯಾರೆ ತಲೆಗೆ ಎಣ್ಣೆ ಹಚ್ಚಿ ತಿಕ್ಕಬೇಕು. ಸಣ್ಣವರು ದೊಡ್ಡವರು ಯಾರಿಗೂ ರಿಯಾಯಿತಿ ಇಲ್ಲ. ಮೊದಲ ದೀಪಾವಳಿಗೆ ತವರಿಗೆ ಹೋಗಿ ಪಾರಾಗಿದ್ದೆ. ಎರಡನೆಯದು ಇಲ್ಲೇ. ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ ಅತ್ತೆ ನನ್ನ ಜಡೆಯ ತುದಿ ಹಿಡಿದು ನೋಡಿ, "ಏನವಾ ಇದು, ಕಸಬರಿಗಿ ಆಗೇದಲ್ಲ! ಈ ಸಲ ದೀಪಾವಳಿಗೆ ನಾನ ಎಣ್ಣಿ ಹಚ್ಚತೀನಿ, ಬಿಡಂಗಿಲ್ಲ," ಎಂದು ನಕ್ಕರು. ನಾನೂ ನಕ್ಕೆ. ರಾತ್ರಿ ಕ್ಯಾಲೆಂಡರಿನಲ್ಲಿ ದೀಪಾವಳಿಗೆ ಉಳಿದ ದಿನಗಳನ್ನು ಎಣಿಸಿದೆ.

ಅಷ್ಟರೊಳಗೆ ತಲೆ ವಾಸಿಯಾಗಬೇಕು. ಮನೆಯಲ್ಲಿದ್ದದ್ದರಲ್ಲೇ, ಯಾರಿಗೂ ಕಾಣದಂತೆ. ಕಾಕೂವನ್ನು ಮೆಟ್ಟಿಲ ಮೇಲೆ ತಡೆದು, ಊರಲ್ಲಿರುವ ತಂಗಿಗೆ ತಲೆಹೊಟ್ಟಾಗಿದೆ ಎಂದು ಸುಳ್ಳು ಹೇಳಿ ಮದ್ದು ಕೇಳಿದೆ. ಮೆಂತ್ಯ ನೆನೆಸಿ ಮೊಸರಲ್ಲಿ ರುಬ್ಬಿ ಹಚ್ಚಲಿ, ಹೋಗದಿದ್ದರೆ ನಿಂಬೆರಸ ಎಂದರು. ರುಬ್ಬಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನ ಹಿಂಬದಿಗೆ ಅಡಗಿಸಿಟ್ಟೆ. ಮಧ್ಯಾಹ್ನ ಊಟಕ್ಕೆ ಕೂತಾಗ ನೋಡುತ್ತೇನೆ, ನನ್ನ ತಲೆಯ ಮದ್ದು ಇಂಗಿನ ಒಗ್ಗರಣೆ ಹಾಕಿಸಿಕೊಂಡು ಮಜ್ಜಿಗೆ ಸಾರಾಗಿ ಬಟ್ಟಲಲ್ಲಿ ಕೂತಿದೆ. ಮಾವನವರು ಎರಡು ಸಲ ಹಾಕಿಸಿಕೊಂಡು ಅಪರೂಪಕ್ಕೆ ಬಾಯಿ ಬಿಟ್ಟರು: "ಕಹಿ ಅದ. ಆದ್ರ ಶುಗರಿಗೆ ಛಲೋ." ನಾನು ತಟ್ಟೆಯಿಂದ ಮುಖ ಎತ್ತಲಿಲ್ಲ.

ಮತ್ತೆ ರುಬ್ಬುವ ಧೈರ್ಯವಾಗಲಿಲ್ಲ, ನೇರ ನಿಂಬೆಹಣ್ಣಿಗೆ ಹೋದೆ. ಒಣಗಿ ಬಿರಿದ ಚರ್ಮಕ್ಕೆ ಹುಳಿ ಬಿದ್ದರೆ ಏನಾಗುತ್ತದೆಂದು ಯೋಚಿಸುವ ಬುದ್ಧಿ ಆಗ ಇರಲಿಲ್ಲ. ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿ, ಆ ಸಪ್ಪಳದ ಮರೆಯಲ್ಲಿ ಟವೆಲ್ ಕಚ್ಚಿಕೊಂಡು ಅತ್ತುಬಿಟ್ಟೆ. ಮರುದಿನಕ್ಕೆ ಕಿವಿಯ ಹಿಂದೆ ನೀರು ಒಸರುತ್ತಿತ್ತು. ಇಸಬು ಎಂದರೆ ಇದೇ ಏನೋ ಎಂದು ಕನ್ನಡಿಯಲ್ಲಿ ನೋಡಲೂ ಹೆದರಿದೆ.

ಕೊನೆಗೆ ನಂಬಿದ್ದು ಅವ್ವನನ್ನು. ಗುಟ್ಟಾಗಿ ಕಾಗದ ಬರೆದೆ. ಊರಿನಿಂದ ಬರುತ್ತಿದ್ದ ಸೋದರಮಾವನ ಕೈಯಲ್ಲಿ ಶೇಂಗಾ ಉಂಡಿಯ ಜೊತೆಗೆ ಒಂದು ಅರಿವೆ ಗಂಟು ಕಳಿಸಿದಳು. ಅದರಲ್ಲಿ ನಮ್ಮ ಹೊಲದ ಎರೆಮಣ್ಣು, ನುಣ್ಣಗೆ ಸೋಸಿದ್ದು. ನಮ್ಮ ಕಡೆ ಹೆಂಗಸರು ಇದನ್ನೇ ಕಲಸಿ ತಲೆಗೆ ಹಚ್ಚಿ ತೊಳೆಯುತ್ತಿದ್ದರು, ಕೂದಲು ರೇಷ್ಮೆಯಾಗುತ್ತಿತ್ತು. ಆದರೆ ಅವರು ತೊಳೆಯುತ್ತಿದ್ದದ್ದು ಹೊಳೆಯಲ್ಲಿ. ನಾನು ಎರಡನೇ ಮಹಡಿಯ ಬಚ್ಚಲಿನಲ್ಲಿ ಗಂಟೆಲ್ಲ ಬಿಚ್ಚಿ ಕಲಸಿ ಮೆತ್ತಿಕೊಂಡೆ. ಒಣಗುತ್ತ ಅದು ತಲೆಯ ಚರ್ಮವನ್ನು ಎಲ್ಲ ಕಡೆಯಿಂದಲೂ ಹಿಡಿದು ಎಳೆಯಿತು. ಗಾಬರಿಯಾಗಿ ನೀರು ಸುರಿದೆ, ಸುರಿದಷ್ಟೂ ಕಪ್ಪು ಕೆಸರು ಇಳಿಯಿತು. ಇಳಿದದ್ದು ಮೋರಿಯಲ್ಲಿ ಕೂತುಬಿಟ್ಟಿತು. ಪಾದ ಮುಳುಗುವಷ್ಟು ಕರಿನೀರಿನಲ್ಲಿ ನಾನು ನಿಂತಿರುವಾಗ ಅತ್ತೆ ಬಾಗಿಲು ಬಡಿದರು.

"ಏನ್ ಮಾಡಾಕತ್ತೀ ಒಳಗ? ನೀರು ಹೊರಗ ಬರಾಕತ್ತಾವ!"

ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆರೆದೆ. ಅತ್ತೆ ಬಗ್ಗಿ ಮೋರಿಯಿಂದ ಒಂದು ಚಿಟಿಕೆ ಕೆಸರು ತೆಗೆದು ಬೆರಳಲ್ಲಿ ಹೊಸಕಿದರು, ಮೂಸಿದರು.

"ಎರಿಮಣ್ಣು. ನಿಮ್ಮವ್ವ ಕಳಿಸ್ಯಾಳೇನು?"

"ಹೌದ್ರಿ ಅತ್ತಿ."

ನನ್ನ ಟವೆಲನ್ನು ಒಂದು ಗಳಿಗೆ ನೋಡಿದರು. "ಹ್ಞೂಂ," ಎಂದರು. ಅಷ್ಟೇ. ಬೈದಿದ್ದರೆ ನಿದ್ದೆ ಬರುತ್ತಿತ್ತು. ಆ ಹ್ಞೂಂ ಹಬ್ಬದವರೆಗೂ ನನ್ನ ಬೆನ್ನು ಬಿಡಲಿಲ್ಲ.

ಮುಟ್ಟಾಗಿದ್ದೇನೆ ಎಂದುಬಿಟ್ಟರೆ ಯಾರೂ ಮುಟ್ಟುವುದಿಲ್ಲ ಎಂದೂ ಯೋಚಿಸಿದೆ. ಆದರೆ ನನ್ನ ತಾರೀಖು ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತವರಿಗೆ ಹೋಗುತ್ತೇನೆ ಎನ್ನಲು ಬಾಯಿಯೇ ಬರಲಿಲ್ಲ. ಹಬ್ಬದ ನೆಪದಲ್ಲಿ ಹೋದ ಆ ಇನ್ನೊಬ್ಬಳು ಮರಳಿರಲಿಲ್ಲವಲ್ಲ.

ಆ ಬೆಳಗು ಬಂದೇಬಂತು. ಕೆಳಗೆ ಸೊಸೈಟಿಯ ಮಕ್ಕಳು ಆಗಲೇ ಪಟಾಕಿ ಹಚ್ಚುತ್ತಿದ್ದರು. ನಡುಮನೆಯಲ್ಲಿ ರಂಗೋಲಿ ಎಳೆದು, ಮಣೆ ಹಾಕಿ, ದೀಪ ಹಚ್ಚಿಯಾಗಿತ್ತು. ದೀಪದ ಬೆಳಕಷ್ಟೇ ಇದ್ದರೆ ಬಚಾವಾದೇನು ಎಂದು ಆಸೆಪಟ್ಟಿದ್ದೆ, ನನ್ನ ಗಂಡ ದೊಡ್ಡ ಉಪಕಾರ ಮಾಡುವವರಂತೆ ಟ್ಯೂಬ್‌ಲೈಟ್ ಹಾಕಿದರು. ಅತ್ತೆ ಮೊದಲು ಮಾವನವರಿಗೆ ಹಚ್ಚಿದರು, ಆಮೇಲೆ ಮಗನಿಗೆ. ಮಾವನವರು ಸ್ನಾನಕ್ಕೆ ಹೋದರು.

"ಬಾ, ಕುಂದರು."

ಕೂತೆ. ಅತ್ತೆ ಸೆರಗು ಸರಿಸಿದರು. ಬೆಚ್ಚಗಿನ ಎಣ್ಣೆ ನೆತ್ತಿಗೆ ಬಿತ್ತು. ಬೆರಳುಗಳು ಕೂದಲೊಳಗೆ ಇಳಿದವು, ನೆತ್ತಿಯಿಂದ ಬದಿಗೆ, ಬದಿಯಿಂದ ಕಿವಿಯ ಹಿಂದಕ್ಕೆ. ಅಲ್ಲಿ ನಿಂತವು. ನಾನು ಕಣ್ಣು ಮುಚ್ಚಿಕೊಂಡೆ. ಬಸ್‌ಸ್ಟ್ಯಾಂಡು, ನನ್ನ ಟ್ರಂಕು, ಅಪ್ಪನ ಮುಖ ಎಲ್ಲವೂ ಒಟ್ಟಿಗೇ ಕಂಡವು.

"ನೀ ಹೋಗಿ ಅಪ್ಪಗ ನೀರು ಸಾಕೇನು ಕೇಳು, ಹೋಗು," ಎಂದು ಅತ್ತೆ ಮಗನನ್ನು ಎಬ್ಬಿಸಿ ಕಳಿಸಿದರು. ಎದ್ದು ಟ್ಯೂಬ್‌ಲೈಟ್ ಆರಿಸಿ, ಎಣ್ಣೆಯ ಬಟ್ಟಲನ್ನು ನನ್ನ ಮುಂದಿಟ್ಟು ಕೂತರು.

"ಯಾವಾಗಿಂದ ಇದು?"

"ಮಳಿಗಾಲದಿಂದ್ರಿ."

"ಮತ್ತ್ಯಾಕ ಹೇಳಲಿಲ್ಲ?"

ಅಳು ಒತ್ತರಿಸಿ ಬಂತು. "ತವರಿಗೆ ಕಳಸ್ತೀರಿ ಅಂತ ಹೆದರಿದ್ದೆರಿ. ನೀವು ಕಾಕೂ ಮುಂದ ಹೇಳಿದ್ದು ಕೇಳಿದ್ದೆ. ಆ ಸೊಸೀನ್ನ ಕಳಿಸಿಬಿಟ್ರು ಅಂತ."

ಅತ್ತೆ ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿದರು.

"ಈ ಮನಿ ಸೊಸಿ ಅಲ್ಲವಾ ಅದು. ನಮ್ಮಕ್ಕ. ನಮ್ಮ ಮನಿಗೇ ಕಳಿಸಿದ್ರು ಆಕಿನ್ನ, ಇಂಥಾದ್ದ ದೀಪಾವಳಿಗೆ." ಅವರ ದನಿ ಇಳಿಯಿತು. "ಎಲ್ಲಾರ ತಲಿಗೂ ನಮ್ಮವ್ವ ಎಣ್ಣಿ ಹಚ್ಚಿದ್ಲು. ಆಕಿ ಮಣಿ ಮ್ಯಾಲ ಕುಂತು ಕಾಯಾಕತ್ತಿದ್ಲು. ನಮ್ಮವ್ವ ಬಟ್ಟಲಾ ಆಕಿ ಮುಂದ ಸರಿಸಿ, ‘ನೀನ ಹಚಗೋ’ ಅಂದ್ಲು. ಆಕಿ ನನ್ನ ಕಡೆ ನೋಡಿದ್ಲು. ನಾನೂ ಮುಟ್ಟಲಿಲ್ಲ. ಅಂಟತದ ಅಂತ ಹೆದರಿದ್ದೆ."

ನನ್ನ ಮುಂದಿದ್ದ ಬಟ್ಟಲನ್ನು ಇಬ್ಬರೂ ನೋಡಿದೆವು. ಅತ್ತೆ ಅದನ್ನು ಎತ್ತಿ ಅಂಗೈಗೆ ಎಣ್ಣೆ ಸುರಿದುಕೊಂಡರು.

"ತಲಿ ಕೆಳಗ ಮಾಡು. ಉರದ್ರ ಹೇಳು, ಮೆಲ್ಲಕ ಹಚ್ಚತೀನಿ."

ಹಕ್ಕಳೆ ಕಟ್ಟಿದ್ದ ಜಾಗಕ್ಕೆ ಅವರ ಬೆರಳು ಮರಳಿ ಬಂದವು. ಒಂದೊಂದೇ ಹಕ್ಕಳೆಯ ಮೇಲೆ ಎಣ್ಣೆ ಸವರುತ್ತ ಹೋದವು. ಬೋರಿನ ನೀರು, ನಿಂಬೆರಸ, ಮಣ್ಣು ಎಲ್ಲಕ್ಕೂ ಬೈದು, ಇದು ಯಾರಿಗೂ ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದು ಹಬ್ಬ ಮುಗಿದ ಮೇಲೆ. ಆ ಬೆಳಿಗ್ಗೆ ಅತ್ತೆಗೆ ಅದು ಗೊತ್ತಿರಲಿಲ್ಲ.