ಗಿರಣಿಯ ಚಿತ್ರಕ್ಕೆ ತಿದ್ದುಪಡಿ

ಸವಳಂಗದ ರಸ್ತೆಯಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯೊಂದಿತ್ತು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದ ವರ್ಷ ಅದರ ಚಿತ್ರ ಬರೆದೆ. ಹಾಳು ಕಟ್ಟಡದ ಚಿತ್ರ ಮನೆಯಲ್ಲಿ ಬೇಡವೆಂದು ಹೆಂಡತಿ ಹಟ ಹಿಡಿದಳು. ನ್ಯಾಮತಿ ಬಸ್ ನಿಲ್ದಾಣದ ಪಕ್ಕ ಹೋಟೆಲ್ ನಡೆಸುವ ಗೆಳೆಯನಿಗೆ ಕೊಟ್ಟೆ. ಅವನು ಗಲ್ಲಾದ ಮೇಲೆ ತೂಗುಹಾಕಿದ.

ಒಂದು ಸಂತೆಯ ದಿನ ಅಜ್ಜಿಯೊಬ್ಬರು ಅದರ ಮುಂದೆ ನಿಂತರು. ಆ ಗಿರಣಿಯಲ್ಲಿ ಅಕ್ಕಿ ಕೇರುತ್ತಲೇ ಮುದುಕಿಯಾದವರು.

“ಇದನ್ನ ಬರ್ದೋರು ಯಾರು?”

“ಇವ್ರೇ ನೋಡಮ್ಮ, ನಮ್ಮ ಮೇಷ್ಟ್ರು,” ಎಂದ ಗೆಳೆಯ. ನಾನು ಚಹಾ ಲೋಟ ಕೆಳಗಿಟ್ಟು ಹೊಗಳಿಕೆಗೆ ಸಿದ್ಧನಾದೆ.

“ತಪ್ಪೈತಲ್ರೀ ಮೇಷ್ಟ್ರೇ. ಬಾಗಲು ಬಿದ್ದು ಎರಡು ತಿಂಗಳಾತು.”

ನಾನು ಬರೆದಾಗ ಬಾಗಿಲಿತ್ತು ಎಂದೆ.

“ಆವಾಗಿತ್ತು, ಈಗಿಲ್ಲ. ನೋಡಿದೋರು ಐತೆ ಅಂದ್ಕಳಲ್ಲೇನ್ರೀ?”

ನಾನು ಚಹಾ ಲೋಟ ಮತ್ತೆ ಎತ್ತಿಕೊಂಡೆ. ಮುಂದಿನ ವಾರವೂ ಬಂದು ಅದನ್ನೇ ಕೇಳಿದರು. ಗಿರಾಕಿಗಳೂ ಅವರ ಕಡೆಯಾದರು. ಬಣ್ಣ ತಂದು, ಬೆಂಚು ಹತ್ತಿ, ಬಾಗಿಲು ಅಳಿಸಿದೆ.

ಆಮೇಲೆ ಅಜ್ಜಿ ವಾರವಾರ ವರದಿ ತಂದರು. ಹಂಚು ಜಾರಿದವು, ನಾನೂ ಜಾರಿಸಿದೆ. ಗೋಡೆಯಲ್ಲಿ ಆಲದ ಸಸಿ ಹುಟ್ಟಿತು. ಅದಕ್ಕೆ ಎಲೆ ಆರೋ ಏಳೋ ಎಂದು ಜಗಳವೇ ಆಯಿತು. ಹಳೆ ಹಂಚು ಕೊಳ್ಳಲು ಹೊರಟಿದ್ದ ಸೂರಗೊಂಡನಕೊಪ್ಪದವರೊಬ್ಬರು ಚಿತ್ರ ನೋಡಿ, “ಏನೂ ಉಳಿದಿಲ್ಲ ಬಿಡ್ರಿ,” ಎಂದು ಹೋಟೆಲಿನಿಂದಲೇ ವಾಪಸಾದರು.

ಒಮ್ಮೆ ನನಗೇ ಸಂಕಟವಾಯಿತು. “ಅಮ್ಮಾ, ಗಿರಣಿ ನಡೀತಿದ್ದಾಗ ಹೆಂಗಿತ್ತು ಹೇಳ್ರಿ, ಹಂಗೇ ಬರೀತೀನಿ.”

“ಹೊಟ್ಟಿನ ಧೂಳಿಗೆ ಕಣ್ಣು ಬಿಡಾಕೆ ಆಗ್ತಿದ್ದಿಲ್ಲ. ಏನ್ ಕಂಡೀನಿ ಹೇಳಾಕೆ?” ಎಂದರು. ಚಿತ್ರದ ಕಡೆ ತಿರುಗಿ, “ಮುಚ್ಚಿದ ಮ್ಯಾಲೇ ನಾನದನ್ನ ಸರಿಯಾಗಿ ನೋಡಿದ್ದು,” ಎಂದರು.

ಹೋದ ಮಳೆಗಾಲದಲ್ಲಿ ಕೊನೆಯ ಗೋಡೆಯೂ ಕುಸಿಯಿತು. ಅದನ್ನೂ ಅಳಿಸಲು ಬೆಂಚು ಹತ್ತಿದೆ. ಅಜ್ಜಿ ಬೆಂಚು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕೆಂಪು ನೆಲ, ಆಕಾಶ ಉಳಿದವು.

“ಈಗ ಸರಿ ಐತೆ,” ಎಂದು ಕಣ್ಣೊರೆಸಿಕೊಂಡು ಬಸ್ ಹತ್ತಿದರು.

ಖಾಲಿ ಚಿತ್ರ ಯಾಕೆ, ತೆಗೆದುಬಿಡು ಎಂದರೆ ಗೆಳೆಯ ಒಪ್ಪಲಿಲ್ಲ. ಗಿರಾಕಿಗಳು ಬಂದ ಕೂಡಲೇ ಅದನ್ನೇ ನೋಡುತ್ತಾರಂತೆ.

ಮೊನ್ನೆ ಅಜ್ಜಿ ಬಸ್ಸಿಳಿದವರೇ ನೇರ ನನ್ನ ಹತ್ತಿರ ಬಂದರು. “ಸೈಟ್ ಮಾಡ್ತಾರಂತೆ ಮೇಷ್ಟ್ರೇ. ನಾಲ್ಕು ಕಲ್ಲು ನೆಟ್ಟಾರೆ. ತಲೆಗೆ ಹಳದಿ ಬಣ್ಣ.”

ನನ್ನ ಹಳದಿ ಬಣ್ಣ ಒಣಗಿಹೋಗಿತ್ತು. ಹೊಸ ಟ್ಯೂಬ್ ತರಲು ಮಧ್ಯಾಹ್ನದ ಶಿವಮೊಗ್ಗ ಬಸ್ ಹತ್ತಿದೆ.