ಏಳು ಸಲ ತೊಳೆದದ್ದು

೧೯೯೪ರಲ್ಲಿ ಏಳನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟೆ. ಭಾಲ್ಕಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯಲು ನಿಂತೆ. ನಾನು ತೊಳೆದ ಗ್ಲಾಸಿನಲ್ಲಿ ಮಾಲೀಕ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮುಂದೆ ಅದೇ ಕೈಗುಣದ ಮೇಲೆ ಬೀದರಿನ ಒಂದು ಪ್ರಯೋಗಾಲಯದಲ್ಲಿ ಗಾಜು ತೊಳೆಯುವ ಕೆಲಸ ಸಿಕ್ಕಿತು. ಹೊಸಬರು ಬಂದರೆ ಪ್ರಯೋಗಾಲಯ ನಡೆಸುವ ಸಾಹೇಬರು, "ಇವರ ಕೈ ನೋಡಿ ಕಲೀರಿ" ಅನ್ನೋರು. ಬರಬರುತ್ತ ಪ್ರಯೋಗದ ನಳಿಗೆಗಳನ್ನೂ ನನ್ನ ಕೈಗೆ ಕೊಡತೊಡಗಿದರು. ಸೊಕ್ಕು ಬಂತು.

ಔರಾದ ಕಡೆಯ ಹುಡುಗಿಯೊಬ್ಬಳು ಪಿಎಚ್.ಡಿ.ಗೆ ಬಂದಿದ್ದಳು. ಕುರಿಯ ಮೈಯೊಳಗಿನ ಒಂದು ಪ್ರೋಟೀನು ಇನ್ನೊಂದನ್ನು ಹಿಡಿದುಕೊಂಡಿರುತ್ತದೆ ಎಂದು ತೋರಿಸುವುದು ಅವಳ ಕೆಲಸ. ಮೊದಲನೆಯದನ್ನು ಧೂಳಿನಷ್ಟು ಸಣ್ಣ ಮಣಿಗಳಿಗೆ ಅಂಟಿಸಿದರೆ ಅದರ ಜೊತೆಯದು ತಾನೇ ಹಿಂದೆ ಬರುತ್ತದೆ. ಉಳಿದದ್ದನ್ನು ತೊಳೆದು ಚೆಲ್ಲಬೇಕು. ಮಾದರಿ ಅವಳ ಮನೆಯ ಕುರಿಯದೇ, ಇದ್ದದ್ದು ಎರಡೇ ನಳಿಗೆ.

ಅವತ್ತು ಅವಳಿಗೆ ಪರೀಕ್ಷೆಯಿತ್ತು. "ಕಾಕಾ, ತಣ್ಣನ ಉಪ್ಪುನೀರಿನಾಗ ಮೂರೇ ಸಲ ತೊಳೀರಿ. ಹಗೂರ್ಕ. ಜೋರ್ ಕುಲುಕಿದ್ರ ಜೊತೀದೂ ಕಳಚಿ ಹೋಗ್ತದ."

"ನನಗ ತೊಳಿಯೋದು ಕಲಸ್ತಿ ಏನವ್ವಾ?" ಅಂತ ನಕ್ಕೆ.

ಮೂರು ಸಲ ತೊಳೆದೆ. ಮನಸ್ಸು ಒಪ್ಪಲಿಲ್ಲ. ಹೋಟೆಲಿನ ಗ್ಲಾಸು ಕುಲುಕಿದಂತೆ ಕುಲುಕಿ ಏಳು ಸಲ ಮಾಡಿದೆ.

ಮರುದಿನ ಬಿಳಿ ಹಾಳೆಯ ಮೇಲೆ ಒಂದೊಂದು ಪ್ರೋಟೀನಿಗೆ ಒಂದರಂತೆ ಎರಡು ಕಪ್ಪು ಗೆರೆ ಬರಬೇಕಿತ್ತು. ಒಂದೇ ಬಂತು.

"ಏನವ್ವಾ, ನಿಮ್ಮ ಔರಾದ ಕುರಿಗಿ ದೋಸ್ತರೇ ಇಲ್ಲೇನು? ಬಿಡು ಈ ವಿಷಯ" ಎಂದು ಸಾಹೇಬರು ಎಲ್ಲರೆದುರು ಅಂದರು. ಎಲ್ಲರೂ ನಕ್ಕರು.

ಅವಳು ನನ್ನತ್ತ ಬಂದಳು. "ಕಾಕಾ, ಮೂರೇ ಸಲ ತೊಳದ್ರಿ, ಹೌದಲ್ರಿ?"

"ಮೂರೇ ಅವ್ವಾ."

ನಂಬಿದಳು. ನನ್ನ ಕೈ ತಪ್ಪುವುದಿಲ್ಲ ಅಂತ ಅವಳಿಗೂ ಹೇಳಿಕೊಟ್ಟಿದ್ದರಲ್ಲ.

ಮೂರು ವಾರ ಅವಳ ಮಾರಿ ನೋಡದೆ ಕೆಲಸ ಮಾಡಿದೆ. ಒಂದು ಮಧ್ಯಾಹ್ನ ಅವಳು ಉಳಿದ ನಳಿಗೆಯನ್ನು ತಂದು, "ಇದನ್ನ ಚೆಲ್ಲಿಬಿಡ್ರಿ ಕಾಕಾ, ಇನ್ನ ಬ್ಯಾಡ" ಅಂದಳು. ಚೆಲ್ಲಲಾಗಲಿಲ್ಲ. ಅದನ್ನು ಐಸಿನೊಳಗಿಟ್ಟು ಸಾಹೇಬರ ಕೋಣೆಗೆ ಹೋದೆ.

"ಏಳು ಸಲ ತೊಳದೀನ್ರಿ. ಜೋರಾಗಿ ಕುಲುಕೀನ್ರಿ. ಅಕಿ ತಪ್ಪಿಲ್ರಿ."

ಅವರು ನನ್ನ ಕೈಯನ್ನೇ ನೋಡಿದರು. "ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ದಿ?"

ನಳಿಗೆಯಿದ್ದ ಐಸ್ ಡಬ್ಬಿಯನ್ನು ಅವರ ಮುಂದಿಟ್ಟೆ.

ಸಾಹೇಬರು ಅವಳನ್ನು ಕರೆದು ಎಲ್ಲ ಹೇಳಿದರು. ಉಳಿದ ನಳಿಗೆಯನ್ನು ಅವಳೇ ತೊಳೆದಳು, ಮೂರು ಸಲ. ನಾನು ಐಸ್ ಡಬ್ಬಿ ಹಿಡಿದು ನಿಂತಿದ್ದೆ. ಮರುದಿನ ಎರಡು ಗೆರೆ ಬಂದವು. "ನೋಡ್ರಿ ಕಾಕಾ" ಎಂದು ಹಾಳೆಯನ್ನು ನನಗೇ ಮೊದಲು ತೋರಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ನಳಿಗೆ ಈಗ ನನ್ನ ಕೈಗೆ ಬರುವುದಿಲ್ಲ. ನನ್ನ ಹತ್ತಿರ ಇರುವುದು ಎರಡು ಬಿಳಿ ಕೋಟು, ಒಂದು ಕೀಲಿಗೊಂಚಲು, ಗಾಜು ತೊಳೆಯುವ ನಾಲ್ಕು ಬ್ರಷ್ಷು.