ಐದೂವರೆ ಮಿಲಿಮೀಟರಿನ ಹೊಟ್ಟೆಕಿಚ್ಚು

ಶುಕ್ರವಾರ, ನವೆಂಬರ್ 14. ಬೆಳಿಗ್ಗೆ 9.20. ಮಾಹೂಝ್.

ರಜೆಯ ದಿನ. ಬಟ್ಟೆ ಒಗೆಯಬೇಕಿತ್ತು. ಅದನ್ನು ಬಿಟ್ಟು ಬ್ಲಾಗಿನಲ್ಲಿ ತಪ್ಪೊಪ್ಪಿಗೆ ಬರೆಯಲು ಕುಳಿತಿದ್ದೇನೆ: ಒಂಬತ್ತು ವಾರಗಳಿಂದ ನಾನು ಇನ್ನೊಬ್ಬಳ ತಪ್ಪುಗಳನ್ನು ಎಣಿಸುತ್ತಿದ್ದೇನೆ.

ಎಣಿಸುವುದು ನನಗೆ ಹಳೆಯ ಚಟ. ದಿನಕ್ಕೆ ಎಷ್ಟು ಲೋಟ ಚಹಾ, ಲಿಫ್ಟ್ ಕೆಟ್ಟ ದಿನಗಳೆಷ್ಟು, ಅಮ್ಮ ಫೋನಿನಲ್ಲಿ ಮದುವೆಯ ಮಾತೆತ್ತಿದ್ದು ಎಷ್ಟು ಸಲ, ಎಲ್ಲಕ್ಕೂ ನನ್ನ ಡೈರಿಯಲ್ಲಿ ಗೀಟುಗಳಿವೆ. ಈ ಕೊಲ್ಲಿ ದೇಶದ ಆಸ್ಪತ್ರೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಕಲಿಯಲು ಸೇರಿದ ಮೇಲೆ ಅದರಲ್ಲಿ ಎರಡು ಹೊಸ ಕಾಲಮು ಬಂದವು. ಒಂದು ನನ್ನದು. ಇನ್ನೊಂದು ಲವಿನಾಳದು. ಈ ಸಲದ ತಂಡದಲ್ಲಿ ಇರುವವರೇ ನಾವಿಬ್ಬರು. ನಾನು ದಾವಣಗೆರೆಯವಳು, ಅವಳು ಉಡುಪಿ ಕಡೆಯವಳು.

ನಾವು ಕಲಿಯುತ್ತಿರುವುದು ಒಂದು ವೃತ್ತ. ಕಣ್ಣಿನ ಪೊರೆ ತೆಗೆಯುವಾಗ, ಮಸೂರವನ್ನು ಸುತ್ತಿಕೊಂಡ ತೆಳ್ಳನೆಯ ಚೀಲದ ಮುಂಭಾಗವನ್ನು ಸಣ್ಣ ಚಿಮುಟದಿಂದ ದುಂಡಗೆ ಹರಿಯಬೇಕು. ಅಗಲ ಐದೂವರೆ ಮಿಲಿಮೀಟರು. ಹರಿದ ಗೆರೆ ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರಬೇಕು. ಅಂಚಿನ ಕಡೆಗೆ ಓಡಿತೋ, ಮುಂದಿನ ಕೆಲಸವೆಲ್ಲ ಅಪಾಯಕ್ಕೆ ಸಿಕ್ಕಿತು. ನಂಬದಿದ್ದರೆ ಟೊಮೆಟೊ ಬೇಯಿಸಿ, ಸಿಪ್ಪೆಯಲ್ಲಿ ನಾಣ್ಯದಷ್ಟು ದುಂಡನೆಯ ತೂತನ್ನು ಚಿಮುಟದಿಂದ ಹರಿದು ನೋಡಿ. ನಾನು ಇಪ್ಪತ್ತಾರು ಟೊಮೆಟೊ ಕೆಡಿಸಿದ್ದೇನೆ. ಎಲ್ಲವೂ ಸಾರಾದವು.

ಟೊಮೆಟೊ ಆದ ಮೇಲೆ ಆಡಿನ ಕಣ್ಣು. ಸೆಗಯಾದ ಮಾಂಸದಂಗಡಿಯಿಂದ ಐಸ್ ಪೆಟ್ಟಿಗೆಯಲ್ಲಿ ತರುವ ಪಾಳಿ ನಮ್ಮಿಬ್ಬರದು. ಅಂಗಡಿಯ ಕಾಕ ನಮ್ಮ ಕರಾವಳಿಯ ಬ್ಯಾರಿ, ನಮ್ಮ ಕನ್ನಡ ಕೇಳಿದ ದಿನದಿಂದ ಒಂದೇ ದೂರು: “ಡಾಕ್ಟ್ರೇ, ಕಣ್ಣು ಮಾತ್ರ ತಕ್ಕೊಂಡು ಹೋದ್ರೆ ಆ ತಲೆಯನ್ನು ನಾನು ಎಂತ ಮಾಡುದು? ಕುರುಡು ತಲೆ ಅಂತ ಗಿರಾಕಿ ಬೇಡ ಹೇಳ್ತಾರೆ.” ಈರುಳ್ಳಿಯನ್ನೂ ಯೋಚಿಸಿ ತಿನ್ನುವ ನಮ್ಮ ಮನೆಗೆ ಈ ಪೆಟ್ಟಿಗೆಯ ಸುದ್ದಿ ಇನ್ನೂ ಮುಟ್ಟಿಲ್ಲ.

ನಮ್ಮ ಗುರು ಡಾ. ಮರಿಯಮ್ ಪಾಠ ಹೇಳುವುದಿಲ್ಲ. ಓದುವುದನ್ನು ಮನೆಯಲ್ಲೇ ಓದಿ ಮುಗಿಸಿರಬೇಕು. ಅವರ ಮುಂದೆ ಕೈ ಆಡಬೇಕು, ಬಾಯಿ ಆಡಬೇಕು. ಪ್ರತಿ ಭಾನುವಾರ ನಾವು ಮಾಡಿದ ಕೆಲಸದ ವಿಡಿಯೊ ಗೋಡೆಯ ಮೇಲೆ ಓಡುತ್ತದೆ. ಯಾರ ವಿಡಿಯೊ ಓಡುತ್ತಿದೆಯೋ ಅವರು ತುಟಿ ಬಿಚ್ಚುವಂತಿಲ್ಲ. ಇನ್ನೊಬ್ಬಳು “ನಿಲ್ಲಿಸಿ” ಎಂದು ಹೇಳಿ, ಮುಂದೆ ಏನಾಗುತ್ತದೆಂದು ಆಗುವುದಕ್ಕೆ ಮೊದಲೇ ಹೇಳಬೇಕು. “ಹರಿದ ಮೇಲೆ ಹರಿಯಿತು ಅನ್ನುವುದಕ್ಕೆ ಡಾಕ್ಟರ್ ಯಾಕೆ?” ಎಂಬುದು ಅವರ ವಾದ. ಉತ್ತರ ಬಾಯಿಪಾಠ ಮಾಡಿ ರ‍್ಯಾಂಕ್ ಪಡೆದ ನನ್ನಂಥವಳಿಗೆ, ಉತ್ತರವೇ ಇಲ್ಲದ ಈ ತರಗತಿ ಸೀದಾ ಅನ್ಯಾಯವೆನಿಸಿತು.

ಲವಿನಾಳಿಗೆ ಹಾಗೆನಿಸಲಿಲ್ಲ. ಅವಳ ಬೆರಳುಗಳಿಗೆ ಅವಸರವೆಂಬುದೇ ಇಲ್ಲ. ಆರನೆಯ ವಾರದ ಹೊತ್ತಿಗೆ ಡಾ. ಮರಿಯಮ್ ಬಾಯಿಂದ ಅವಳಿಗೆ ಬಂದ ‘ಮಾಶಾಅಲ್ಲಾ’ ಹದಿನಾಲ್ಕು, ನನಗೆ ಎರಡು. ಅದರಲ್ಲೂ ಒಂದು ನನ್ನ ಹೊಸ ಚಪ್ಪಲಿಗೆ. ಕಣ್ಣು ತಾಗದಿರಲಿ ಎಂದು ಇಲ್ಲಿಯವರು ಹೊಗಳುವಾಗ ಹೇಳುವ ಮಾತಂತೆ ಅದು. ಹೇಳಿದ್ದು ಸಾಲಲಿಲ್ಲ, ನನ್ನ ಕಣ್ಣು ತಾಗಿಯೇ ಇತ್ತು. ಹೊಟ್ಟೆಕಿಚ್ಚು ಎಂದು ನಾವು ಸುಮ್ಮನೆ ಹೊಟ್ಟೆಯ ಮೇಲೆ ಹೊರೆ ಹಾಕಿದ್ದೇವೆ. ಉರಿಯುವುದು ಹೊಟ್ಟೆಯಾದರೂ ಸೌದೆ ಒಟ್ಟುವುದು ಕಣ್ಣೇ. ನನ್ನ ಓದಿನ ಯಾವ ಪುಸ್ತಕದಲ್ಲೂ ಈ ರೋಗದ ಹೆಸರಿಲ್ಲ.

ಸಾಲದ್ದಕ್ಕೆ ಡಾ. ಮರಿಯಮ್ ಒಂದು ಷರತ್ತು ಇಟ್ಟರು. ಆಡಿನ ಕಣ್ಣಿನಲ್ಲಿ ಒಂದೂ ಕೆಡದಂತೆ ಸಾಲಾಗಿ ಹತ್ತು ವೃತ್ತ ಯಾರು ಮೊದಲು ಮುಗಿಸುತ್ತಾರೋ ಅವರಿಗೆ ಮೊದಲ ರೋಗಿ. ಇನ್ನೊಬ್ಬಳು ಪಕ್ಕದಲ್ಲಿ ಕೂರಬೇಕು, ಸೂಕ್ಷ್ಮದರ್ಶಕಕ್ಕಿರುವ ಎರಡನೆಯ ದುರ್ಬೀನಿನಲ್ಲಿ ನೋಡುತ್ತ.

ಅಂದಿನಿಂದ ಲವಿನಾಳ ವಿಡಿಯೊಗಳನ್ನು ಮನೆಯಲ್ಲೂ ಹಾಕಿಕೊಂಡು ನೋಡತೊಡಗಿದೆ. ಕಲಿಯುವುದಕ್ಕಲ್ಲ, ಹುಳುಕು ಹುಡುಕುವುದಕ್ಕೆ. ಅವಳ ಅರವತ್ತು ವೃತ್ತಗಳಲ್ಲಿ ಹನ್ನೊಂದು ಕೆಟ್ಟಿದ್ದವು. ಆ ಹನ್ನೊಂದನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಒಂದು ಸಂಗತಿ ಸಿಕ್ಕಿತು. ಕಣ್ಣಿನ ಮುಂಭಾಗ ಕುಸಿಯದಂತೆ ಒಳಗೆ ಜೆಲ್ ತುಂಬಿಸಿರುತ್ತೇವೆ. ಲವಿನಾ ಅರ್ಧ ಸುತ್ತು ಮುಗಿಸಿ ಕೈ ತಿರುಗಿಸುವಾಗ ಚಿಮುಟ ತಾನು ಒಳಹೊಕ್ಕ ಗಾಯದ ಅಂಚನ್ನು ಅದುಮುತ್ತಿತ್ತು, ಜೆಲ್ ಸದ್ದಿಲ್ಲದೆ ಹೊರಗೆ ಜಾರುತ್ತಿತ್ತು. ಮರುಕ್ಷಣ ಹರಿದ ಗೆರೆ ಚೀಲದ ಅಂಚಿಗೆ ಓಡುತ್ತಿತ್ತು. ಹನ್ನೊಂದರಲ್ಲಿ ಒಂಬತ್ತು ಸಲ ಹೀಗೆ.

ಹೇಳಬೇಕಿತ್ತು. ಎರಡು ಭಾನುವಾರ ಅವಳ ವಿಡಿಯೊ ಗೋಡೆಯ ಮೇಲೆ ಓಡಿತು. “ಏನು ಕಾಣಿಸುತ್ತಿದೆ?” ಎಂದು ಡಾ. ಮರಿಯಮ್ ಎರಡು ಸಲವೂ ಕೇಳಿದರು. “ಚೆನ್ನಾಗಿದೆ” ಎಂದು ಎರಡು ಸಲವೂ ಹೇಳಿದೆ.

ಎರಡನೆಯ ಭಾನುವಾರ, ಆಮೇಲೆ ನನ್ನ ವಿಡಿಯೊ ಬಂತು. ಕಾಲು ಸುತ್ತೂ ಆಗಿರಲಿಲ್ಲ, ಲವಿನಾ ಕೂಗಿದಳು.

“ನಿಲ್ಸಿ, ನಿಲ್ಸಿ! ಈಗ ಇದು ಹೊರಗೆ ಓಡ್ತದೆ. ಮಾರಾಯ್ತಿ, ನೀನು ಹಿಡಿದದ್ದನ್ನು ಬಿಡುದೇ ಇಲ್ಲ. ಬಸ್ಸಿನ ಕಂಬ ಹಿಡಿದ ಹಾಗೆ ಹಿಡ್ಕೊಂಡಿದ್ದಿ! ಸ್ವಲ್ಪ ಹರಿ, ಬಿಡು, ಪುನಃ ಹತ್ತಿರದಲ್ಲಿ ಹಿಡಿ.”

ವಿಡಿಯೊ ಮುಂದೆ ಓಡಿತು. ಹರಿದ ಗೆರೆಯೂ ಹೊರಗೆ ಓಡಿತು. ಮರುದಿನ ಅವಳು ಹೇಳಿದಂತೆ ಮಾಡಿದೆ. ಐದಕ್ಕೆ ಐದೂ ದುಂಡಗೆ ಬಂದವು. ಕೈಚಳಕ ಇದ್ದವರ ಮೇಲೆ ಅಸೂಯೆ ಪಡಬಹುದು, ಅಭ್ಯಾಸವಿದೆ. ಅದರ ಜೊತೆಗೆ ಧಾರಾಳತನವೂ ಇದ್ದರೆ ಏನು ಮಾಡುವುದು? ಬುಧವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಡೆಯಲಾಗಲಿಲ್ಲ.

“ನಿನ್ನ ಜೆಲ್ ಸೋರ್ತಿದೆ ಕಣೆ. ಅರ್ಧ ಸುತ್ತಾದ ಮೇಲೆ ಗಾಯ ಅದುಮ್ತೀಯ.”

“ಹೌದಾ? ಯಾವಾಗಿಂದ ಗೊತ್ತುಂಟು ನಿಂಗೆ?”

“ಎರಡು ವಾರ ಆಯ್ತು.”

“ಎರಡು ವಾರ! ಪಿಶಾಚಿ!” ಅವಳು ನನ್ನ ಕೈಯಲ್ಲಿದ್ದ ಡೈರಿ ಕಿತ್ತುಕೊಂಡು ತನ್ನ ಕಾಲಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. “ನಮ್ಮ ಮಮ್ಮಿ ಸಹ ನನ್ನ ತಪ್ಪು ಇಷ್ಟು ಚಂದ ಮಾಡಿ ಬರೆದಿಡ್ಲಿಲ್ಲ” ಎಂದು ಪುಟಗಳ ಫೋಟೊ ತೆಗೆದುಕೊಂಡಳು.

ವಾರದೊಳಗೆ ಅವಳ ಹತ್ತು ಮುಗಿಯಿತು. ನಾನು ಎಂಟರಲ್ಲಿದ್ದೆ.

ಮೊನ್ನೆ ಮಂಗಳವಾರ ಮೊದಲ ರೋಗಿ: ಬುದಯ್ಯ ಎಂಬ ಊರಿನ ಹಿರಿಯರು, ಒಂದು ಕಾಲದಲ್ಲಿ ಅಂಗಡಿ ನಡೆಸಿದವರು. ಕಲಿಯುವವಳ ಕೈ ಎಂದು ತಿಳಿಸಿಯೇ ಒಪ್ಪಿಗೆ ಪಡೆದದ್ದು, ಒತ್ತಿನಲ್ಲೇ ಡಾ. ಮರಿಯಮ್. ಈ ಚಿಕಿತ್ಸೆಯಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಎಲ್ಲವನ್ನೂ ಕೇಳುತ್ತಾರೆ. ಆದ್ದರಿಂದ ಒಳಗೆ ಹೆದರಿಸುವ ಮಾತಾಡುವಂತಿಲ್ಲ. ಇವರಿಗೆ ಅರಬ್ಬಿ, ಇಂಗ್ಲಿಷು, ಅಂಗಡಿಯ ದೆಸೆಯಿಂದ ಹಿಂದಿ, ಮೂರೂ ಬರುತ್ತಿತ್ತು. ಅರ್ಧ ಸುತ್ತು ಮುಗಿದು ಲವಿನಾಳ ಕೈ ತಿರುಗುವ ಹೊತ್ತಿಗೆ, ನನ್ನ ದುರ್ಬೀನಿನಲ್ಲಿ ಗಾಯದ ಅಂಚು ತುಸುವೇ ಹೊಳೆಯಿತು. ಒಂದು ಕ್ಷಣ ಸುಮ್ಮನಿದ್ದೆನೇ? ಇದ್ದೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ. ಆಮೇಲೆ ಕನ್ನಡದಲ್ಲಿ ಮೆಲ್ಲಗೆ ಹೇಳಿದೆ:

“ಲವಿನಾ, ಸೋರ್ತಿದೆ. ಬಿಡು. ಮೊದಲು ತುಂಬಿಸು. ಆಮೇಲೆ ಹಿಡಿ.”

ಅವಳು ಬಿಟ್ಟಳು, ತುಂಬಿಸಿದಳು, ಹಿಡಿದಳು. ವೃತ್ತ ಮುಚ್ಚಿತು.

ಮರುದಿನ ಬೆಳಿಗ್ಗೆ ಪಟ್ಟಿ ತೆಗೆದಾಗ ಹಿರಿಯರು ಗೋಡೆಯ ಗಡಿಯಾರ ಓದಿ, ನಮ್ಮನ್ನು ದಿಟ್ಟಿಸಿ, ಹಿಂದಿಯಲ್ಲಿ ಕೇಳಿದರು: “ಒಳಗೆ ಒಬ್ಬಳು ಮೆಲ್ಲಗೆ ದುಆ ಓದುತ್ತಿದ್ದಳಲ್ಲ, ಯಾರಮ್ಮ ಅವಳು?”

ನನ್ನ ಕನ್ನಡ ಅವರ ಕಿವಿಗೆ ಪ್ರಾರ್ಥನೆಯಾಗಿತ್ತು. ಲವಿನಾ ನನ್ನನ್ನು ಮುಂದೆ ತಳ್ಳಿದಳು. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಹರಸಿದರು.

ಹೊರಗೆ ಬಂದ ಮೇಲೆ ಲವಿನಾ ಅಂದಳು: “ಆಪರೇಶನ್ ಮಾಡಿದ್ದು ನಾನು, ಆಶೀರ್ವಾದ ನಿಂಗೆ! ಹೊಟ್ಟೆ ಉರೀತದೆ ಮಾರಾಯ್ತಿ.”

ಒಂಬತ್ತು ವಾರಗಳಲ್ಲಿ ನನಗೆ ಅಷ್ಟು ಸಮಾಧಾನ ಕೊಟ್ಟ ಮಾತು ಬೇರೆ ಇಲ್ಲ.

ಬರುವ ಮಂಗಳವಾರ ನನ್ನ ಸರದಿ. ಪಕ್ಕದಲ್ಲಿ ಅವಳು ಕೂರುತ್ತಾಳೆ. ಅಲ್ಲಿಯವರೆಗೆ ಅವಳ ಹೊಟ್ಟೆಯ ಉರಿ ಆರದಿರಲಿ ಎಂದು ಹಾರೈಸುತ್ತಿದ್ದೇನೆ. ಒಂದು ಜೆಲ್ ಹನಿಯನ್ನೂ ಬಿಡದೆ ನನ್ನ ಕೈಯನ್ನು ಕಾಯಲು ಅಂಥ ಕಣ್ಣೇ ಬೇಕು. ಇಷ್ಟು ಎಚ್ಚರದಿಂದ ನೋಡುವುದು ಮೆಚ್ಚುಗೆಗೂ ಸಾಧ್ಯವಿದೆಯೇ, ನನಗೆ ಅನುಭವ ಸಾಲದು. ಇದ್ದವರು ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಸೋಮವಾರದೊಳಗೆ ತಲುಪಿದರೆ ಒಳ್ಳೆಯದು.